ಮುಳ್ಳುತಂತಿಯ ಒಳಗಿನ ಆಸರೆ: ಫೋರ್ಟ್ ಆಂಟೇರಿಯೊಗೆ ರಾಷ್ಟ್ರೀಯ ಸ್ಥಾನ ಏಕೆ ಬೇಕು

ನ್ಯೂಯಾರ್ಕ್ ರಾಜ್ಯದ ಉತ್ತರದ ಅಂಚಿನಲ್ಲಿ, ಆಸ್ವೀಗೊ ನದಿ ಆಂಟೇರಿಯೊ ಸರೋವರವನ್ನು ಸೇರುವ ಕಡೆ, ಪೂರ್ವದಂಡೆಯ ದಿಬ್ಬದ ಮೇಲೆ ಒಂದು ಕೋಟೆಯಿದೆ. ಹೆಸರು ಫೋರ್ಟ್ ಆಂಟೇರಿಯೊ. 1755ರಲ್ಲಿ ಅದನ್ನು ಕಟ್ಟಿದವರು ಬ್ರಿಟಿಷರು. ಮರುವರ್ಷವೇ ಮಾಂಟ್‌ಕಾಮ್‌ನ ಫ್ರೆಂಚ್ ಸೇನೆ ಅದನ್ನು ಹಾಳುಗೆಡವಿತು. 1759ರಲ್ಲಿ ಮತ್ತೆ ಎದ್ದ ಕೋಟೆಗೆ 1778ರಲ್ಲಿ ಅಮೆರಿಕದ ಕ್ರಾಂತಿಕಾರಿ ಪಡೆ ಬೆಂಕಿಯಿಟ್ಟಿತು. 1782ರಲ್ಲಿ ಮೂರನೆಯ ಸಲ ಕಟ್ಟಿದ ಬ್ರಿಟಿಷರು ಯುದ್ಧ ಸೋತು ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ 1796ರವರೆಗೆ ಜಾಗ ಬಿಡಲಿಲ್ಲ. 1814ರ ಮೇ ತಿಂಗಳಲ್ಲಿ ಮತ್ತೆ ದಂಡೆತ್ತಿ ಬಂದು, ತಾವೇ ಕಟ್ಟಿದ್ದನ್ನು ತಾವೇ ಕೆಡವಿ ಹೋದರು. ಇಂದು ಕಾಣುವ ನಕ್ಷತ್ರಾಕಾರದ ಕೋಟೆ ನಾಲ್ಕನೆಯದು. 1839 ಮತ್ತು 1844ರ ನಡುವೆ ಕಟ್ಟಿದ್ದು, ಅಂತರ್ಯುದ್ಧದ ಕಾಲದಲ್ಲಿ ಭದ್ರಪಡಿಸಿದ್ದು.

ಈ ಕೋಟೆಯನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಸಾಲಿಗೆ ಸೇರಿಸಬಹುದೇ ಎಂದು ಅಧ್ಯಯನ ಮಾಡುವಂತೆ 2018ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಕಾನೂನನ್ನೇ ಮಾಡಿತು. ಸೇರಿಸಬೇಕು ಎನ್ನುವವರು ಬಹುಮಂದಿ. ಆದರೆ ಯಾವ ಕಾರಣಕ್ಕೆ ಸೇರಿಸಬೇಕು ಎಂಬುದು ಇಲ್ಲಿ ಮುಖ್ಯ. ಮೇಲೆ ಹೇಳಿದ ಯುದ್ಧಗಳ ಪಟ್ಟಿ ಎಷ್ಟೇ ರೋಚಕವಾಗಿದ್ದರೂ ಆ ಕಾರಣ ಅದರಲ್ಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ಭಾಗದಲ್ಲಿ, ಒಂದೂವರೆ ವರ್ಷದ ಕಾಲ ಒಂದು ಗುಂಡೂ ಹಾರದೆ ನಡೆದ ಸಂಗತಿಯಲ್ಲಿದೆ.

ರಾಷ್ಟ್ರೀಯ ಉದ್ಯಾನ ಎಂದರೆ ಕನ್ನಡಿಗರ ಕಣ್ಣಮುಂದೆ ಬರುವುದು ಬಂಡೀಪುರ, ನಾಗರಹೊಳೆ. ನಮ್ಮಲ್ಲಿ ಕಾಡಿನ ಪಾಲನೆ ಒಂದು ಇಲಾಖೆಯದು, ಕೋಟೆಯ ಪಾಲನೆ ಪುರಾತತ್ತ್ವ ಸರ್ವೇಕ್ಷಣೆಯದು. ಅಮೆರಿಕದಲ್ಲಿ ಹಾಗಲ್ಲ. 1916ರಲ್ಲಿ ಹುಟ್ಟಿದ ನ್ಯಾಷನಲ್ ಪಾರ್ಕ್ ಸರ್ವಿಸ್ ಎಂಬ ಒಂದೇ ಸಂಸ್ಥೆಯ ಕೈಕೆಳಗೆ 430ಕ್ಕೂ ಹೆಚ್ಚು ತಾಣಗಳಿವೆ. ‘ನ್ಯಾಷನಲ್ ಪಾರ್ಕ್’ ಎಂಬ ಪೂರ್ಣ ಹೆಸರು ಹೊತ್ತವು ಅವುಗಳಲ್ಲಿ 63 ಮಾತ್ರ. ಮಿಕ್ಕವುಗಳಲ್ಲಿ ರಣಭೂಮಿಗಳು, ಕೋಟೆಗಳು, ಅಧ್ಯಕ್ಷರ ಮನೆಗಳು, ಸೆರೆಶಿಬಿರಗಳು, ಸ್ಮಾರಕಗಳೂ ಇವೆ. ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆ ತೋರಿಸುವ ಇಲಾಖೆಯೇ ಗೆಟಿಸ್‌ಬರ್ಗ್‌ನ ರಣಭೂಮಿಯನ್ನೂ ತೋರಿಸುತ್ತದೆ.

ಸೈನ್ಯಕ್ಕೂ ಉದ್ಯಾನಗಳಿಗೂ ಇರುವ ನಂಟು ಹಳೆಯದು. 1872ರಲ್ಲಿ ಯೆಲ್ಲೋಸ್ಟೋನನ್ನು ಉದ್ಯಾನವೆಂದು ಘೋಷಿಸಿದ ಮೇಲೆ ಅದನ್ನು ಕಳ್ಳಬೇಟೆಗಾರರಿಂದ ಕಾಯುವವರೇ ಇರಲಿಲ್ಲ. 1886ರಲ್ಲಿ ಅಶ್ವದಳ ಬಂದು ಮೂರು ದಶಕ ಕಾವಲು ಕಾಯಿತು. 1903ರಲ್ಲಿ ಕ್ಯಾಲಿಫೋರ್ನಿಯದ ಸೆಕ್ವೊಯ ಉದ್ಯಾನದ ಹೊಣೆ ಹೊತ್ತು ಬಂಡಿದಾರಿ ಕಡಿಸಿದವನು ಚಾರ್ಲ್ಸ್ ಯಂಗ್ ಎಂಬ ಕಪ್ಪು ಜನಾಂಗದ ಕ್ಯಾಪ್ಟನ್. ಇತ್ತ ರಣಭೂಮಿಗಳನ್ನು ಯುದ್ಧ ಇಲಾಖೆಯೇ ನೋಡಿಕೊಳ್ಳುತ್ತಿತ್ತು. 1890ರಲ್ಲಿ ಚಿಕಮಾಗ ಮತ್ತು ಚಾಟನೂಗ ಕದನಗಳ ನೆಲ ಮೊದಲ ರಾಷ್ಟ್ರೀಯ ಸೈನಿಕ ಉದ್ಯಾನವಾಯಿತು. 1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಇಂಥ ತಾಣಗಳನ್ನು ಪಾರ್ಕ್ ಸರ್ವಿಸ್‌ಗೆ ವರ್ಗಾಯಿಸಿದರು. ಹಾಗಾಗಿ ಒಂದು ಹಳೆಯ ಕೋಟೆ ರಾಷ್ಟ್ರೀಯ ಸ್ಥಾನ ಕೇಳುವುದರಲ್ಲಿ ಅಲ್ಲಿಯವರಿಗೆ ಅಚ್ಚರಿಯೇನೂ ಇಲ್ಲ.

ಆದರೆ ಕೇಳಿದ್ದಕ್ಕೆಲ್ಲ ಸಿಗುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ದಾಟಬೇಕು. ಜಾಗಕ್ಕೆ ಇಡೀ ದೇಶದ ಮಟ್ಟದ ಮಹತ್ವವಿದೆಯೇ? ಅದು ಹೇಳುವ ಕಥೆಯನ್ನು ಬೇರೆ ಯಾವುದಾದರೂ ತಾಣ ಈಗಾಗಲೇ ಹೇಳುತ್ತಿದೆಯೇ? ನೆಲ, ಒಡೆತನ, ವೆಚ್ಚ ಇವೆಲ್ಲ ನಿಭಾಯಿಸುವಂತಿವೆಯೇ? ಕೊನೆಯದಾಗಿ, ಪಾರ್ಕ್ ಸರ್ವಿಸೇ ಬರಬೇಕೇ, ಇನ್ನೊಬ್ಬರು ಮಾಡಿದರೆ ಆಗದೇ? 1998ರಿಂದೀಚೆಗೆ ಇಂಥ ಅಧ್ಯಯನಕ್ಕೆ ಇಳಿಯಲೂ ಕಾಂಗ್ರೆಸ್ಸಿನ ಅಪ್ಪಣೆ ಬೇಕು. ಅಧ್ಯಯನ ಮುಗಿದ ಮೇಲೂ ಕೊನೆಯ ಮಾತು ಕಾಂಗ್ರೆಸ್ಸಿನದೇ.

ಹದಿನೆಂಟನೆಯ ಶತಮಾನದ ಕೋಟೆಯಾಗಿ ನೋಡಿದರೆ ಫೋರ್ಟ್ ಆಂಟೇರಿಯೊ ಎರಡನೆಯ ಪ್ರಶ್ನೆಯಲ್ಲೇ ಎಡವುತ್ತದೆ. ಅದೇ ರಾಜ್ಯದ ರೋಮ್ ಎಂಬ ಊರಿನಲ್ಲಿ ಫೋರ್ಟ್ ಸ್ಟ್ಯಾನ್‌ವಿಕ್ಸ್ ಇದೆ. ಬ್ರಿಟಿಷರು, ಫ್ರೆಂಚರು, ಹೊಡಿನೊಶೋನಿ ಬುಡಕಟ್ಟುಗಳು, ಕ್ರಾಂತಿಕಾರಿಗಳು ಇವರ ನಡುವಿನ ಹೋರಾಟವನ್ನು ಪಾರ್ಕ್ ಸರ್ವಿಸ್ ಅಲ್ಲಿ ವಿವರಿಸುತ್ತಿದೆ. ಪಶ್ಚಿಮಕ್ಕೆ ಹೋದರೆ ನಯಾಗರ ನದಿಯ ಮುಖದಲ್ಲಿ ಇನ್ನೊಂದು ಕೋಟೆ, ಪೂರ್ವಕ್ಕೆ ಟಿಕಾಂಡರೋಗ. 1766ರಲ್ಲಿ ಪಾಂಟಿಯಾಕ್ ಎಂಬ ಒಡಾವ ನಾಯಕ ಬ್ರಿಟಿಷರೊಡನೆ ಸಂಧಿ ಮಾಡಿಕೊಂಡದ್ದು ಫೋರ್ಟ್ ಆಂಟೇರಿಯೊದಲ್ಲೇ ಎಂಬುದು ನಿಜ, ದೊಡ್ಡ ಸಂಗತಿಯೂ ಹೌದು. ಆದರೂ ಅಷ್ಟರ ಬಲದ ಮೇಲೆ ಇನ್ನೊಂದು ಕೋಟೆಯನ್ನು ರಾಷ್ಟ್ರದ ಮಡಿಲಿಗೆ ಹಾಕುವುದು ಕಷ್ಟ.

1944ಕ್ಕೆ ಬಂದರೆ ಚಿತ್ರ ಬೇರೆ.

ಆ ವೇಳೆಗೆ ಯುರೋಪಿನ ಯಹೂದಿಗಳಲ್ಲಿ ಬಹುಪಾಲು ಜನ ಸತ್ತಾಗಿತ್ತು. ಅಮೆರಿಕದ ಬಾಗಿಲು 1924ರ ವಲಸೆ ಕಾನೂನಿನಿಂದ ಬಿಗಿಯಾಗಿತ್ತು. ಪ್ರತಿ ದೇಶಕ್ಕೂ ಇಷ್ಟೇ ಜನ ಎಂಬ ಕೋಟಾ. 1939ರಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಬಂದ ಸೇಂಟ್ ಲೂಯಿಸ್ ಹಡಗನ್ನು ಕ್ಯೂಬಾ ಒಳಬಿಡಲಿಲ್ಲ, ಅಮೆರಿಕವೂ ಒಳಬಿಡಲಿಲ್ಲ. ಅದು ಫ್ಲಾರಿಡದ ದೀಪಗಳು ಕಾಣುವಷ್ಟು ಹತ್ತಿರ ಬಂದು ಯುರೋಪಿಗೆ ಮರಳಿತು. ವಿದೇಶಾಂಗ ಇಲಾಖೆ ರಕ್ಷಣಾ ಯತ್ನಗಳಿಗೆ ಅಡ್ಡಗಾಲು ಹಾಕುತ್ತಿದೆ ಎಂದು ಖಜಾನೆ ಇಲಾಖೆಯ ಅಧಿಕಾರಿಗಳು ಕಟುವಾದ ವರದಿ ಬರೆದ ಮೇಲೆ, 1944ರ ಜನವರಿಯಲ್ಲಿ ರೂಸ್‌ವೆಲ್ಟ್ ಯುದ್ಧ ನಿರಾಶ್ರಿತರ ಮಂಡಳಿಯನ್ನು ರಚಿಸಿದರು. ಜೂನ್‌ನಲ್ಲಿ ಒಂದು ಪ್ರಕಟಣೆ ಹೊರಬಿತ್ತು: ಇಟಲಿಯಲ್ಲಿ ಮಿತ್ರಪಡೆಗಳ ಆಶ್ರಯದಲ್ಲಿದ್ದವರ ಪೈಕಿ ಸುಮಾರು ಸಾವಿರ ಮಂದಿಯನ್ನು ಅಮೆರಿಕಕ್ಕೆ ಕರೆತಂದು, ಖಾಲಿ ಬಿದ್ದಿದ್ದ ಫೋರ್ಟ್ ಆಂಟೇರಿಯೊ ಸೇನಾನೆಲೆಯಲ್ಲಿ ಇಡಲಾಗುವುದು.

ಜುಲೈ ಕೊನೆಯಲ್ಲಿ ನೇಪಲ್ಸ್‌ನಿಂದ ಹೊರಟ ಹೆನ್ರಿ ಗಿಬಿನ್ಸ್ ಎಂಬ ಸೈನಿಕ ಹಡಗಿನಲ್ಲಿ ಬಂದವರು 982 ಜನ. ಅದೇ ಹಡಗಿನಲ್ಲಿ ಸುಮಾರು ಸಾವಿರ ಗಾಯಾಳು ಅಮೆರಿಕನ್ ಸೈನಿಕರೂ ಇದ್ದರು. ನಿರಾಶ್ರಿತರು ಹದಿನೆಂಟು ದೇಶಗಳವರು. 874 ಮಂದಿ ಯಹೂದಿಗಳು, ಉಳಿದವರು ಕ್ಯಾಥಲಿಕ್, ಗ್ರೀಕ್ ಆರ್ಥಡಾಕ್ಸ್, ಪ್ರಾಟೆಸ್ಟಂಟ್ ಕ್ರೈಸ್ತರು. ಇವರ ಜೊತೆಗಿದ್ದು ಒಬ್ಬೊಬ್ಬರ ಕಥೆಯನ್ನೂ ಬರೆದುಕೊಂಡವರು ರೂತ್ ಗ್ರೂಬರ್. ಇಂಟೀರಿಯರ್ ಇಲಾಖೆಯ ಸಚಿವ ಹೆರಾಲ್ಡ್ ಇಕೀಸ್ ಅವರ ವಿಶೇಷ ಸಹಾಯಕಿ ಈಕೆ. ನಿರಾಶ್ರಿತರನ್ನು ಕರೆತರಲು ಹೋಗುವಾಗ ವಿಮಾನ ಶತ್ರುವಿನ ಕೈಗೆ ಸಿಕ್ಕಿದರೆ ಗೂಢಚಾರಿಣಿಯೆಂದು ಕೊಲ್ಲದಿರಲಿ ಎಂದು ಸರ್ಕಾರ ಅವರಿಗೆ ಜನರಲ್‌ಗೆ ಸಮನಾದ ಹುದ್ದೆಯನ್ನು ತಾತ್ಕಾಲಿಕವಾಗಿ ಕೊಟ್ಟು ಕಳಿಸಿತ್ತು. ಆಗಸ್ಟ್ ಮೊದಲ ವಾರ ಹಡಗು ನ್ಯೂಯಾರ್ಕ್ ಮುಟ್ಟಿತು. ಅಲ್ಲಿಂದ ರಾತ್ರಿ ರೈಲಿನಲ್ಲಿ ಆಸ್ವೀಗೊ.

ರೈಲಿಳಿದವರಿಗೆ ಮೊದಲು ಕಂಡದ್ದು ಬೇಲಿ, ಬೇಲಿಯ ತಲೆಯ ಮೇಲೆ ಮುಳ್ಳುತಂತಿ.

ಅವರಲ್ಲಿ ಹಲವರು ನಾಜಿ ಶಿಬಿರಗಳನ್ನು ಕಂಡು ಬಂದವರು. ಯುದ್ಧ ಮುಗಿದ ಮೇಲೆ ಯುರೋಪಿಗೆ ಮರಳುತ್ತೇವೆ ಎಂದು ಬರೆದುಕೊಟ್ಟ ಮೇಲೇ ಅವರಿಗೆ ಹಡಗು ಹತ್ತಲು ಬಿಟ್ಟದ್ದು. ಕಾನೂನಿನ ಕಣ್ಣಿಗೆ ಅವರು ವಲಸಿಗರಲ್ಲ, ಅಧ್ಯಕ್ಷರ ಅತಿಥಿಗಳು. ಕ್ವಾರಂಟೈನ್ ಮುಗಿದ ಬಳಿಕ ಸೆಪ್ಟೆಂಬರ್‌ನಲ್ಲಿ ಮಕ್ಕಳು ಆಸ್ವೀಗೊದ ಶಾಲೆಗಳಿಗೆ ಹೋಗತೊಡಗಿದರು. ದೊಡ್ಡವರು ಪಾಸು ಪಡೆದು ಆರು ಗಂಟೆಯ ಮಟ್ಟಿಗೆ ಊರೊಳಗೆ ಓಡಾಡಬಹುದಿತ್ತು. ಊರಾಚೆ ಕೆಲಸ ಹುಡುಕುವಂತಿರಲಿಲ್ಲ, ನೆಂಟರ ಮನೆಗೆ ಹೋಗಿ ನೆಲೆಸುವಂತಿರಲಿಲ್ಲ. ಊರಿನವರು ಬೇಲಿಯ ಬಳಿ ಬಂದು ಬಟ್ಟೆ, ತಿಂಡಿ, ಆಟಿಕೆ ಕೊಟ್ಟರು. ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಖುದ್ದಾಗಿ ಬಂದು ಹೋದರು. ಸರೋವರದ ಕಡೆಯಿಂದ ಬರುವ ಹಿಮದಲ್ಲಿ ಎರಡು ಚಳಿಗಾಲ ಕಳೆದವು. ರೂಸ್‌ವೆಲ್ಟ್ ತೀರಿಕೊಂಡರು, ಯುದ್ಧ ಮುಗಿಯಿತು, ಆದರೂ ಬೇಲಿ ತೆರೆಯಲಿಲ್ಲ. 1945ರ ಡಿಸೆಂಬರ್ 22ರಂದು ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ ಮೇಲೆ ದಾರಿ ತೆರೆಯಿತು. ಆಗಲೂ ಕಾನೂನಿನ ಶಾಸ್ತ್ರ ಮುಗಿಸಲು ಅವರನ್ನು ಬಸ್ಸುಗಳಲ್ಲಿ ನಯಾಗರಕ್ಕೆ ಒಯ್ದು, ಸೇತುವೆ ದಾಟಿಸಿ ಕೆನಡಕ್ಕೆ ಕಳಿಸಿ, ಅಲ್ಲಿ ವೀಸಾ ಕೊಡಿಸಿ ಮರಳಿ ಕರೆತಂದರು. ಕೆಲವರು ತಾಯ್ನಾಡಿಗೆ ಹಿಂತಿರುಗಿದರು. ಹೆಚ್ಚಿನವರು ಅಮೆರಿಕದಲ್ಲೇ ಬೇರು ಬಿಟ್ಟರು. 1946ರ ಫೆಬ್ರುವರಿಯಲ್ಲಿ ಆಸರೆ ಶಿಬಿರ ಮುಚ್ಚಿತು.

ಅಮೆರಿಕ ಸರ್ಕಾರ ಆ ಯುದ್ಧದುದ್ದಕ್ಕೂ ತನ್ನ ನೆಲದಲ್ಲಿ ನಿರಾಶ್ರಿತರಿಗೆಂದು ನಡೆಸಿದ ಶಿಬಿರ ಇದೊಂದೇ. ಇದೊಂದೇ ಎಂಬುದು ಹೆಮ್ಮೆಯ ಮಾತೂ ಹೌದು, ತಲೆತಗ್ಗಿಸುವ ಮಾತೂ ಹೌದು. ಅದೇ ವರ್ಷಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಶತ್ರುಸೈನಿಕರನ್ನು ಯುದ್ಧಕೈದಿಗಳಾಗಿ ಅಮೆರಿಕಕ್ಕೆ ತಂದು ಇರಿಸಲಾಗಿತ್ತು. ಅವರಿಗೆ ಜಾಗವಿತ್ತು, ಹಡಗಿತ್ತು, ಊಟವಿತ್ತು. ನಿರಾಶ್ರಿತರಿಗೆ ಸಿಕ್ಕದ್ದು 982 ಹಾಸಿಗೆ.

ಈ ಶಿಬಿರವನ್ನು ನಡೆಸಿದವರು ಯಾರು ಎಂಬುದನ್ನು ಇಲ್ಲಿ ಮರೆಯಬಾರದು. ಯುದ್ಧ ಮರುವಸತಿ ಪ್ರಾಧಿಕಾರ ಎಂಬ ಸಂಸ್ಥೆ ಅದು. ಪಶ್ಚಿಮ ಕರಾವಳಿಯಿಂದ ಎಬ್ಬಿಸಿ ತಂದ ಸುಮಾರು 1,20,000 ಜಪಾನಿ ಮೂಲದವರನ್ನು, ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು, ಹತ್ತು ಶಿಬಿರಗಳಲ್ಲಿ ಕೂಡಿಹಾಕಿದ್ದ ಸಂಸ್ಥೆ. 1944ರಲ್ಲಿ ಅದು ಇಂಟೀರಿಯರ್ ಇಲಾಖೆಯ ಅಧೀನಕ್ಕೆ ಬಂದಿತ್ತು. ಪಾರ್ಕ್ ಸರ್ವಿಸ್ ಇರುವುದೂ ಅದೇ ಇಲಾಖೆಯಲ್ಲಿ. ಕ್ಯಾಲಿಫೋರ್ನಿಯದ ಮ್ಯಾನ್‌ಜನಾರ್ ಶಿಬಿರ 1992ರಲ್ಲಿ, ಐಡಹೊದ ಮಿನಿಡೋಕ 2001ರಲ್ಲಿ ರಾಷ್ಟ್ರೀಯ ತಾಣಗಳಾದವು. ಕೊಲರಾಡೊದ ಅಮಾಚೆ ಶಿಬಿರಕ್ಕಾಗಿ 2022ರಲ್ಲಿ ಕಾನೂನಾಯಿತು. ದೇಶ ತನ್ನ ಪ್ರಜೆಗಳನ್ನು ಬೇಲಿಯೊಳಗೆ ಇಟ್ಟ ಕಥೆಯನ್ನು ಪಾರ್ಕ್ ಸರ್ವಿಸ್ ಹೀಗೆ ಧೈರ್ಯವಾಗಿ ಹೇಳುತ್ತ ಬಂದಿದೆ. ಅದೇ ಮರುವಸತಿ ಪ್ರಾಧಿಕಾರದ ಕೈಯಲ್ಲಿ, ಅದೇ ಬಗೆಯ ಬೇಲಿಯೊಳಗೆ ಪರದೇಶಿಗಳ ಜೀವ ಉಳಿದ ಕಥೆ ಮಾತ್ರ ಆ ಸಾಲಿನಲ್ಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಆ ಕಾಲದ ಅಮೆರಿಕ ಪೂರ್ತಿಯಾಗಿ ಕಾಣುವುದು. ‘ಈ ಕಥೆಯನ್ನು ಬೇರೆ ತಾಣ ಹೇಳುತ್ತಿದೆಯೇ’ ಎಂಬ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ.

ಕೋಟೆಯನ್ನು ಅದರ ಫಿರಂಗಿಗಳಿಂದಲ್ಲದೆ ಬಾಗಿಲಿಗೆ ಬಂದವರಿಂದ ಅಳೆಯುವುದು ಹೊಸತೂ ಅಲ್ಲ. ವರ್ಜೀನಿಯದ ಫೋರ್ಟ್ ಮನ್ರೊ ಇದಕ್ಕೆ ಸಾಕ್ಷಿ. 1619ರಲ್ಲಿ ಬ್ರಿಟಿಷರ ವರ್ಜೀನಿಯಕ್ಕೆ ಮೊದಲ ಆಫ್ರಿಕನ್ನರನ್ನು ಸೆರೆಯಾಳುಗಳಾಗಿ ತಂದಿಳಿಸಿದ ಪಾಯಿಂಟ್ ಕಂಫರ್ಟ್ ಎಂಬ ಭೂಶಿರದ ಮೇಲೆಯೇ ಆ ಕೋಟೆ ನಿಂತಿದೆ. ಅಂತರ್ಯುದ್ಧದ ಕಾಲದಲ್ಲಿ, 1861ರ ಮೇ 23ರ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್ ಎಂಬ ಮೂವರು ಗುಲಾಮರು ದೋಣಿಯಲ್ಲಿ ಅಲ್ಲಿಗೆ ತಪ್ಪಿಸಿಕೊಂಡು ಬಂದರು. ಬಂಡಾಯ ರಾಜ್ಯಗಳ ಸೇನೆಗಾಗಿ ಫಿರಂಗಿ ಕಟ್ಟೆ ಕಟ್ಟುವ ಕೆಲಸಕ್ಕೆ ಅವರನ್ನು ಹಚ್ಚಲಾಗಿತ್ತು. ಅವರನ್ನು ಹಿಂತಿರುಗಿಸಬೇಕೆಂದು ಒಡೆಯನ ಪರವಾಗಿ ಅಧಿಕಾರಿಯೊಬ್ಬ ಬಂದ. ಕೋಟೆಯ ಮುಖ್ಯಸ್ಥ ಜನರಲ್ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ವರ್ಜೀನಿಯ ತಾನು ಬೇರೆ ದೇಶವೆಂದು ಹೇಳಿಕೊಂಡ ಮೇಲೆ ಓಡಿಬಂದ ಗುಲಾಮರನ್ನು ಮರಳಿಸುವ ಅಮೆರಿಕದ ಕಾನೂನು ಅದಕ್ಕೆ ಅನ್ವಯಿಸದು, ಯುದ್ಧಕ್ಕೆ ಬಳಸಿದ ಶತ್ರುವಿನ ಆಸ್ತಿಯನ್ನು ವಶಪಡಿಸಿಕೊಳ್ಳಬಹುದು ಎಂದು ವಾದ ಹೂಡಿ ಮೂವರನ್ನೂ ಉಳಿಸಿಕೊಂಡ. ಮನುಷ್ಯರನ್ನು ಆಸ್ತಿಯೆಂದು ಕರೆದೇ ಅವರನ್ನು ಬಿಡಿಸಿದ ವಿಚಿತ್ರ ವಾದ ಅದು. ಸುದ್ದಿ ಹಬ್ಬಿ ಸಾವಿರಾರು ಜನ ಆ ಕೋಟೆಯತ್ತ ಹರಿದು ಬಂದರು. 2011ರ ಸೆಪ್ಟೆಂಬರ್‌ನಲ್ಲಿ ಸೇನೆ ಫೋರ್ಟ್ ಮನ್ರೊ ಬಿಟ್ಟುಹೋಯಿತು. ಒಂದೂವರೆ ತಿಂಗಳಲ್ಲಿ, ನವೆಂಬರ್ 1ರಂದು, ಅಧ್ಯಕ್ಷ ಒಬಾಮ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಅಂತರ್ಯುದ್ಧದ ಸೇನಾನಿ ರಾಬರ್ಟ್ ಲೀ ಯುವಕನಾಗಿದ್ದಾಗ ಅಲ್ಲಿ ಎಂಜಿನಿಯರ್ ಆಗಿದ್ದದ್ದೂ, ಬಂಡಾಯ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಸೋತ ಮೇಲೆ ಅಲ್ಲೇ ಸೆರೆಯಲ್ಲಿದ್ದದ್ದೂ ಆ ಕೋಟೆಯ ಚರಿತ್ರೆಯೇ. ಆದರೂ ಅದರ ಹೆಸರು ದೊಡ್ಡದಾದದ್ದು ದೋಣಿಯಲ್ಲಿ ಬಂದ ಆ ಮೂವರಿಂದ.

ಆಸ್ವೀಗೊದ ಬಗ್ಗೆ ಎದುರುವಾದಗಳಿವೆ, ತಳ್ಳಿಹಾಕುವಂಥವಲ್ಲ.

ಮೊದಲನೆಯದು ದುಡ್ಡಿನದು. ಪಾರ್ಕ್ ಸರ್ವಿಸ್‌ನ ರಸ್ತೆ, ಛಾವಣಿ, ನೀರಿನ ಕೊಳವೆಗಳ ಬಾಕಿ ಉಳಿದ ರಿಪೇರಿ ಕೆಲಸದ ಮೊತ್ತವೇ 2,000 ಕೋಟಿ ಡಾಲರ್ ದಾಟಿದೆ. ಇದ್ದದ್ದನ್ನೇ ನೋಡಿಕೊಳ್ಳಲಾಗದವರ ಮೇಲೆ ಹೊಸ ಹೊರೆ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಸ್ಯಾನ್ ಫ್ರಾನ್ಸಿಸ್ಕೊದ ಪ್ರೆಸಿಡಿಯೊ ಸೇನಾನೆಲೆಗೆ ಇದಕ್ಕೊಂದು ದಾರಿ ಸಿಕ್ಕಿತು. 1994ರಲ್ಲಿ ಪಾರ್ಕ್ ಸರ್ವಿಸ್‌ಗೆ ಬಂದ ಆ ನೆಲೆಗೆ 1996ರಲ್ಲಿ ಒಂದು ಟ್ರಸ್ಟ್ ರಚಿಸಿ, ಹಳೆಯ ಸೇನಾ ಮನೆಗಳನ್ನೂ ಕಚೇರಿಗಳನ್ನೂ ಬಾಡಿಗೆಗೆ ಕೊಟ್ಟು ತನ್ನ ಖರ್ಚು ತಾನೇ ದುಡಿದುಕೊಳ್ಳಬೇಕೆಂದು ಕಾನೂನು ಮಾಡಿದರು, ಅದು ದುಡಿದುಕೊಂಡಿತು. ಆದರೆ ಅಲ್ಲಿ ಗೋಲ್ಡನ್ ಗೇಟ್ ಸೇತುವೆ ಕಿಟಕಿಯಲ್ಲೇ ಕಾಣುತ್ತದೆ, ಚದರಡಿ ಬಾಡಿಗೆ ಆಕಾಶಕ್ಕೆ ಏರಿದೆ. ಸುಮಾರು 17 ಸಾವಿರ ಜನರ ಆಸ್ವೀಗೊದಲ್ಲಿ ಆ ಲೆಕ್ಕ ನಡೆಯದು. ಇಲ್ಲಿಗೆ ಹೊಂದುವುದು ಫೋರ್ಟ್ ಮನ್ರೊದ ಏರ್ಪಾಡು: ಜಾಗದ ಒಂದು ಭಾಗ ಪಾರ್ಕ್ ಸರ್ವಿಸ್‌ನದು, ಮಿಕ್ಕದ್ದು ರಾಜ್ಯದ ಪ್ರಾಧಿಕಾರದ್ದು, ವೆಚ್ಚದಲ್ಲೂ ಪಾಲು. ಫೋರ್ಟ್ ಆಂಟೇರಿಯೊವನ್ನು ಸೇನೆ 1946ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ ಒಪ್ಪಿಸಿದ್ದು, ಈಗಲೂ ರಾಜ್ಯದ ಚಾರಿತ್ರಿಕ ತಾಣವಾಗಿಯೇ ನಡೆಯುತ್ತಿದೆ. ರಾಜ್ಯವನ್ನು ಹೊರಗೆ ಕಳಿಸುವ ಅಗತ್ಯವಿಲ್ಲ.

ಹಾಗಿದ್ದರೆ ರಾಜ್ಯವೇ ಸಾಲದೇ ಎಂಬುದು ಎರಡನೆಯ ಆಕ್ಷೇಪ. ಕೋಟೆಯ ಗೋಡೆಗೆ ಸಾಕು. ನಿರಾಶ್ರಿತರ ಕಥೆಗೆ ಸಾಲದು. ಅವರನ್ನು ಕರೆತಂದದ್ದು ನ್ಯೂಯಾರ್ಕ್ ರಾಜ್ಯವಲ್ಲ, ಒಕ್ಕೂಟ ಸರ್ಕಾರ. ಬೇಲಿ ಹಾಕಿದ್ದು ಅದು, ಮರಳಿ ಹೋಗಬೇಕೆಂದು ಬರೆಸಿಕೊಂಡದ್ದು ಅದು, ಕೊನೆಗೆ ಉಳಿಯಗೊಟ್ಟದ್ದೂ ಅದು. ಆ ತೀರ್ಮಾನಗಳ ಲೆಕ್ಕವನ್ನು ಜನರ ಮುಂದಿಡುವ ಹೊಣೆಯೂ ಅದರದೇ. ಇಂದು ಈ ಕೆಲಸವನ್ನು ಬಹುಪಾಲು ಹೊತ್ತಿರುವುದು ನೆಲೆಯ ಹಳೆಯ ಆಡಳಿತ ಕಟ್ಟಡದಲ್ಲಿರುವ ‘ಸೇಫ್ ಹೇವನ್’ ಎಂಬ ಪುಟ್ಟ ವಸ್ತುಸಂಗ್ರಹಾಲಯ. ಊರಿನವರ ಅಕ್ಕರೆಯಿಂದ ಬದುಕಿರುವ ಸಂಸ್ಥೆ ಅದು. ದೇಶದ ಲೆಕ್ಕವನ್ನು ಒಂದು ಊರಿನ ಹೆಗಲಿಗೆ ಹೊರಿಸಿ ಬಿಡುವುದು ಸರಿಯಲ್ಲ.

ಮೂರನೆಯದು ಹೆಚ್ಚು ಸೂಕ್ಷ್ಮವಾದದ್ದು. ನಿರಾಶ್ರಿತರು ಮಲಗಿದ್ದ ಮರದ ಬ್ಯಾರಕ್‌ಗಳು ಹೋಗಿಬಿಟ್ಟಿವೆ. ಉಳಿದಿರುವುದು ಕಲ್ಲಿನ ಕೋಟೆ, ನೆಲೆಯ ಕೆಲವು ಇಟ್ಟಿಗೆ ಕಟ್ಟಡಗಳು, ಬಯಲು. ನೋಡುವುದಕ್ಕೇ ಏನಿಲ್ಲದಲ್ಲಿ ಉದ್ಯಾನ ಯಾತಕ್ಕೆ ಎಂದು ಕೇಳುವವರಿದ್ದಾರೆ. ಇದಕ್ಕೆ ಪಾರ್ಕ್ ಸರ್ವಿಸ್‌ನ ನಡೆಯೇ ಉತ್ತರ ಕೊಟ್ಟಿದೆ. ಮ್ಯಾನ್‌ಜನಾರ್ ಅದರ ಕೈಗೆ ಬಂದಾಗ ಒಂದು ಸಭಾಂಗಣ, ಎರಡು ಕಾವಲುಕಟ್ಟೆ, ಸ್ಮಶಾನದ ಸ್ತಂಭ ಬಿಟ್ಟರೆ ಹೆಚ್ಚಿನದೇನೂ ನಿಂತಿರಲಿಲ್ಲ. ಅಲ್ಲಿದ್ದವರ ನೆನಪುಗಳನ್ನೂ ದಾಖಲೆಗಳನ್ನೂ ಹಿಡಿದು ಮಣ್ಣಿನಡಿಯ ತೋಟಗಳನ್ನು ಅಗೆದು ತೆಗೆದರು, ಬ್ಯಾರಕ್‌ಗಳನ್ನು ಮತ್ತೆ ಕಟ್ಟಿದರು. ಫೋರ್ಟ್ ಸ್ಟ್ಯಾನ್‌ವಿಕ್ಸ್ ಇನ್ನೂ ಮುಂದೆ ಹೋದ ಉದಾಹರಣೆ: ಮೂಲ ಕೋಟೆ ಅಳಿದು ಅದರ ಮೇಲೆ ಪೇಟೆಯೇ ಬೆಳೆದಿತ್ತು; 1970ರ ದಶಕದಲ್ಲಿ ಆ ಪೇಟೆಯ ಕಟ್ಟಡಗಳನ್ನು ತೆಗೆದು ಮರದ ಕೋಟೆಯನ್ನು ಬುಡದಿಂದ ಹೊಸದಾಗಿ ಎಬ್ಬಿಸಿದರು. 1777ರ ಮುತ್ತಿಗೆಯನ್ನು ನೆನೆಯಲು ಇಷ್ಟು ಮಾಡಿದ ದೇಶ 1944ರ ನಿರಾಶ್ರಿತರ ವಿಷಯದಲ್ಲಿ ‘ಕಟ್ಟಡ ಉಳಿದಿಲ್ಲ’ ಎನ್ನುವುದು ತರವಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಪಾಯವೊಂದು ಬೆಂಬಲಿಗರ ಕಡೆಯಿಂದಲೇ ಬರಬಹುದು. ರಾಷ್ಟ್ರೀಯ ಸ್ಥಾನ ಸಿಕ್ಕ ಕೂಡಲೇ ಕಥೆ ನುಣುಪಾಗುತ್ತದೆ: ಉದಾರ ದೇಶ, ದಯಾಳು ಅಧ್ಯಕ್ಷ, ಕೃತಜ್ಞರಾದ ಅತಿಥಿಗಳು. ಹಾಗೆ ಹೇಳುವುದಾದರೆ ಈ ಯತ್ನವನ್ನು ಕೈಬಿಡುವುದೇ ಲೇಸು. ಸಾವಿರಕ್ಕೂ ಕಡಿಮೆ ಜನರನ್ನು ಉಳಿಸಿದ್ದು ಸಣ್ಣ ಕೆಲಸವಲ್ಲ. ಉಳಿದವರ ಮಕ್ಕಳು ಮೊಮ್ಮಕ್ಕಳು ಇವತ್ತು ಅಲ್ಲಿ ವೈದ್ಯರು, ಎಂಜಿನಿಯರರು, ಶಿಕ್ಷಕರು. ಆದರೆ ಆ ಸಂಖ್ಯೆ ಸಾವಿರದ ಬಳಿಯೇ ನಿಂತದ್ದು ಏಕೆ, ಬಾಗಿಲು ಅಷ್ಟು ತಡವಾಗಿ ತೆರೆದದ್ದು ಏಕೆ, ತೆರೆದ ಮೇಲೂ ಮುಳ್ಳುತಂತಿ ಏಕೆ ಎಂಬ ಪ್ರಶ್ನೆಗಳು ಒಂದನೆಯ ಫಲಕದಲ್ಲೇ ಇರಬೇಕು. ಬೇಲಿಯ ಆಚೆಯಿಂದ ಕೈ ಚಾಚಿದ ಆಸ್ವೀಗೊ ಜನರ ಮಾತೂ ಅಲ್ಲಿರಬೇಕು, ಒಳಗಿದ್ದು ಮನಸ್ಸು ಕುಗ್ಗಿಹೋದವರ ಮಾತೂ ಇರಬೇಕು.

ಆದ್ದರಿಂದ ಕಾಂಗ್ರೆಸ್ ಮಾಡಬೇಕಾದದ್ದು ಇಷ್ಟು: ತಾಣದ ಹೆಸರಿನಲ್ಲೇ ನಿರಾಶ್ರಿತರ ಆಸರೆಯನ್ನು ಸೇರಿಸಬೇಕು, ಕೋಟೆಯ ಪಾಲನೆಯನ್ನು ರಾಜ್ಯದೊಡನೆ ಹಂಚಿಕೊಳ್ಳಬೇಕು, ಕಥೆ ಹೇಳುವ ಹೊಣೆಯನ್ನು ಪಾರ್ಕ್ ಸರ್ವಿಸ್ ಪೂರ್ತಿಯಾಗಿ ಹೊರಬೇಕು, ಮ್ಯಾನ್‌ಜನಾರ್, ಮಿನಿಡೋಕ, ಅಮಾಚೆಗಳ ಜೊತೆ ಇದನ್ನು ಒಂದೇ ಚರಿತ್ರೆಯ ಭಾಗವಾಗಿ ತೋರಿಸಬೇಕು. ಇದಕ್ಕೆ ಬಹಳ ಕಾಲ ಕಾಯುವಂತಿಲ್ಲ. ಅಂದು ಮಕ್ಕಳಾಗಿ ಆ ಬೇಲಿಯೊಳಗೆ ಬಂದವರಲ್ಲಿ ಉಳಿದವರೆಲ್ಲ ಈಗ ಎಂಬತ್ತು ದಾಟಿದವರು. ರೂತ್ ಗ್ರೂಬರ್ 2016ರಲ್ಲಿ, ತಮ್ಮ 105ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಅಪ್ಪ ಅಮ್ಮ ಬಂದಾಗ ನಯಾಗರ ತೋರಿಸಲು ಸಿರಾಕ್ಯೂಸ್ ದಾರಿಯಲ್ಲಿ ಕಾರಿನಲ್ಲಿ ಹೋಗುವುದುಂಟು. ಸಿರಾಕ್ಯೂಸ್‌ನಿಂದ ಉತ್ತರಕ್ಕೆ ತಿರುಗಿದರೆ ಒಂದು ಗಂಟೆಯೊಳಗೆ ಆಸ್ವೀಗೊ ಸಿಗುತ್ತದೆ. ಅರ್ಧ ದಿನ ಬಿಡುವು ಮಾಡಿಕೊಂಡು ಕೋಟೆಯನ್ನೂ ಸೇಫ್ ಹೇವನ್ ಸಂಗ್ರಹಾಲಯವನ್ನೂ ನೋಡಿ, ಆಮೇಲೆ ಜಲಪಾತಕ್ಕೆ ಹೋಗಿ.